ಮೇಷ್ಟ್ರ ತೋರುಬೆರಳು

ಗಣಿತದ ಮೇಷ್ಟ್ರ ತೋರುಬೆರಳಿನಲ್ಲಿ ಯಾವ ದೋಷವೂ ಇರಲಿಲ್ಲ. ಇಪ್ಪತ್ತೆಂಟು ವರ್ಷ ಸೀಮೆಸುಣ್ಣ ಒತ್ತಿ ಒತ್ತಿ ಅದರ ತುದಿ ಕೊಂಚ ಚಪ್ಪಟೆಯಾಗಿತ್ತು, ಅಷ್ಟೇ. ಕೈವಾರವಿಲ್ಲದೆ ಕರಿಹಲಗೆಯ ಮೇಲೆ ವೃತ್ತ ಬರೆಯಬಲ್ಲ ಆ ಬೆರಳನ್ನು ಅಯೋಗ್ಯವೆಂದು ತೀರ್ಮಾನಿಸಿದ್ದು ಶಾಲೆಗೆ ಹೊಸದಾಗಿ ಬಂದ ಟ್ಯಾಬ್ಲೆಟ್. ಒಂದು ಕಡೆ ಮುಟ್ಟಿದರೆ ಅದು ಮೂರು ಕಡೆ ಮುಟ್ಟಿದಂತೆ ಬೆಚ್ಚಿಬೀಳುತ್ತಿತ್ತು. ಲೋಕದ ಬೆರಳುಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವೆಂದು ನಂಬಿದವರು ತಯಾರಿಸಿದ ವಸ್ತುವಿನಿಂದ ಬೇರೇನನ್ನು ನಿರೀಕ್ಷಿಸಲು ಸಾಧ್ಯ?

ಟ್ಯಾಬ್ಲೆಟ್ಟುಗಳಿಗೆ ಮೌಸ್ ಒದಗಿಸಬೇಕೆಂದು ಮೇಷ್ಟ್ರು ಶಿಕ್ಷಣ ಕಚೇರಿಗೆ ನಾಲ್ಕು ಅರ್ಜಿ ಬರೆದಿದ್ದರು. ತಮಗೊಬ್ಬರಿಗಾಗಿ ಅಲ್ಲ. ತರಗತಿಯ ನಲವತ್ತು ಮಕ್ಕಳು ಬೆರಳಿನಿಂದ ಎಳೆದ ಸರಳರೇಖೆಗಳು ಚಳಿಜ್ವರ ಬಂದಂತೆ ನಡುಗುವುದನ್ನು ಅವರ ಆತ್ಮಸಾಕ್ಷಿ ಸಹಿಸುತ್ತಿರಲಿಲ್ಲ. ನಾಲ್ಕನೆಯ ಅರ್ಜಿಗೆ ಉತ್ತರ ಬಂತು: ಇಂದು ಮಧ್ಯಾಹ್ನ ಎರಡಕ್ಕೆ ಪರಿವೀಕ್ಷಕರು ಬರುತ್ತಾರೆ, ಮೌಸ್‌ನಿಂದ ಪಾಠಕ್ಕಾಗುವ ಪ್ರಯೋಜನವನ್ನು ಅವರ ಮುಂದೆ ತೋರಿಸತಕ್ಕದ್ದು. ತೋರಿಸಲು ಮೌಸ್ ಮಾತ್ರ ಕಳಿಸಿರಲಿಲ್ಲ.

ಬೆಳಿಗ್ಗೆ ಶಿಕ್ಷಕರ ಕೊಠಡಿಯಲ್ಲಿ ಮೇಷ್ಟ್ರು ಬೆರಳಿನಿಂದಲೇ ಒಂದು ತ್ರಿಭುಜ ಎಳೆಯಲು ಹೋದರು. ತ್ರಿಭುಜ ಮಾಯವಾಗಿ, ಕ್ಯಾಮೆರಾ ತೆರೆದುಕೊಂಡು, ಪರದೆಯ ತುಂಬ ಅವರದೇ ಮೂಗಿನ ಹೊಳ್ಳೆ ಗುಹೆಯಂತೆ ಕಾಣಿಸಿತು.

"ಅಯ್ಯೋ, ಇದ್ಯಾವ ಬೆಟ್ಟದ ಸುರಂಗ ಮೇಷ್ಟ್ರೇ?" ಎಂದರು ವ್ಯಾಯಾಮದ ಮೇಷ್ಟ್ರು. "ಬೆರಳಿಗೆ ಕಸರತ್ತು ಸಾಲದು. ದಿನಾ ಐವತ್ತು ಸಲ ಮಡಚಿ, ಬಿಚ್ಚಿ."

"ಕಸರತ್ತು ಬೇಡ, ಇದನ್ನ ಹಿಡೀರಿ," ಎಂದು ವಿಜ್ಞಾನದ ಮೇಡಂ ಡಬ್ಬಿಯಿಂದ ಒಂದು ಕ್ಯಾರೆಟ್ ತೆಗೆದು, ತುದಿ ಚೂಪು ಮಾಡಿ ಕೊಟ್ಟರು. "ಇದರಿಂದ ಮುಟ್ಟಿದ್ರೂ ಪರದೆಗೆ ಬೆರಳಿನ ಹಾಗೇ."

ನಿಜವಾಗಿಯೂ ಕ್ಯಾರೆಟ್ ಕೆಲಸ ಮಾಡಿತು. ಎರಡು ಗೆರೆ ನೆಟ್ಟಗೆ ಬಂದವು. ಕನ್ನಡಕ ಒರೆಸಿಕೊಳ್ಳಲು ಮೇಷ್ಟ್ರು ಅತ್ತ ತಿರುಗಿದ್ದಷ್ಟೇ. ಕರಕರ ಸದ್ದು ಕೇಳಿಸಿತು.

"ತಿಂದೇಬಿಟ್ರಾ?" ಎಂದರು ವಿಜ್ಞಾನದ ಮೇಡಂ.

"ಡಬ್ಬಿಯಿಂದ ತೆಗೆದಿದ್ದು ನೋಡಿ ತಿನ್ನೋಕೆ ಅಂದ್ಕೊಂಡೆ," ಎಂದು ವ್ಯಾಯಾಮದ ಮೇಷ್ಟ್ರು ತುಂಬಿದ ಬಾಯಲ್ಲೇ ನುಡಿದರು.

ಉಳಿದದ್ದು ಒಂದೇ ದಾರಿ. ಇಡೀ ಶಾಲೆಯಲ್ಲಿದ್ದ ಏಕೈಕ ಮೌಸ್ ಗುಮಾಸ್ತರದು. ಅದನ್ನವರು ಮೊಟ್ಟೆಗೆ ಕಾವು ಕೊಡುವ ಕೋಳಿಯಂತೆ ಅಂಗೈಯಡಿ ಇಟ್ಟುಕೊಂಡೇ ಕೂರುತ್ತಿದ್ದರು. ಮೇಷ್ಟ್ರು ವಿಷಯ ಹೇಳಿದಾಗ ಗಡಿಯಾರ ನೋಡಿ, "ಮೂರು ಗಂಟೆಗೆ ವಾಪಸ್ ಬರಬೇಕು," ಎಂದು ಕಿತ್ತುಕೊಟ್ಟರು. ಅದರ ತಂತಿ ಟ್ಯಾಬ್ಲೆಟ್ಟಿಗೆ ಹೊಂದಲಿಲ್ಲ. ಆಗ ಚಿತ್ರಕಲೆಯ ಮೇಡಂ ತಮ್ಮ ಫೋನಿನ ಕನೆಕ್ಟರ್ ತಂದು ಸಿಕ್ಕಿಸಿದರು. ಪರದೆಯ ಮೇಲೆ ಪುಟ್ಟ ಬಾಣ ಮೂಡಿತು.

"ಬಂತು! ಬಾಣ ಬಂತು!" ಎಂದು ಕೂಗಿದ ಮೇಷ್ಟ್ರ ಕಣ್ಣು ಒದ್ದೆಯಾಯಿತು. "ನಿಮ್ಮೆಲ್ಲರ ಉಪಕಾರ ಹೇಗೆ ತೀರಿಸಲಿ? ನೀವು ಕ್ಯಾರೆಟ್ ತಿಂದದ್ದೂ ಒಳ್ಳೇದೇ ಆಯ್ತು ಸಾರ್."

ಪಾಠ ಸೊಗಸಾಗಿ ನಡೆಯಿತು. ಬಾಣ ಹೋದಲ್ಲಿ ಗೆರೆ, ನಿಂತಲ್ಲಿ ಬಿಂದು. ಪರಿವೀಕ್ಷಕರು ಎದ್ದು ಮೇಷ್ಟ್ರ ಕೈ ಕುಲುಕಿದರು. "ನಲವತ್ತು ಮೌಸ್ ಗೋದಾಮಲ್ಲಿ ಸಿದ್ಧವಾಗಿದೆ. ನಾನು ಕಚೇರಿ ಸೇರ್ತಿದ್ದ ಹಾಗೆ ನಿಮ್ಮ ಟ್ಯಾಬ್ಲೆಟ್ಟಿಗೆ ಒಂದು ಪತ್ರ ಬರುತ್ತೆ. 'ಬೇಕು' ಅಂತ ಒತ್ತಿಬಿಡಿ, ಮುಗೀತು."

ಅವರು ಹೊರಟು ಅರ್ಧ ಗಂಟೆಗೆ ಮೂರು ಹೊಡೆಯಿತು. ಮೇಷ್ಟ್ರು ಮೌಸ್ ಕಳಚಿ, ಕರವಸ್ತ್ರದಿಂದ ಒರೆಸಿ, ಗುಮಾಸ್ತರ ಮೇಜಿಗೆ ಒಯ್ದರು.

"ಇರ್ಲಿ ಬಿಡಿ ಮೇಷ್ಟ್ರೇ. ಪತ್ರ ಬರೋವರೆಗೂ ಇಟ್ಕೊಳ್ಳಿ," ಎಂದರು ಗುಮಾಸ್ತರು, ಎಂದಿಲ್ಲದ ಔದಾರ್ಯದಿಂದ.

"ಕೂಡದು. ಹೇಳಿದ ಹೊತ್ತಿಗೆ ವಾಪಸ್ ಕೊಡದಿದ್ರೆ ನಾಳೆ ಮಕ್ಕಳಿಗೆ ಯಾವ ಮುಖದಲ್ಲಿ ಪಾಠ ಹೇಳ್ಲಿ? ನಿಮಗೆ ತುಂಬ ತುಂಬ ಧನ್ಯವಾದ."

ಮೌಸ್ ಗೂಡು ಸೇರಿತು. ಮರುಗಳಿಗೆಯೇ ಟ್ಯಾಬ್ಲೆಟ್ ಟಿಣ್ ಎಂದಿತು. ಪತ್ರದ ಕೆಳಗೆ 'ಬೇಕು', 'ಬೇಡ' ಎಂಬ ಎರಡು ಪುಟ್ಟ ಚೌಕಗಳು ಒಂದೇ ಬೆಂಚಿನ ಹುಡುಗರಂತೆ ಒತ್ತೊತ್ತಾಗಿ ಕುಳಿತಿದ್ದವು. ಎಲ್ಲರೂ ಸುತ್ತ ಸೇರಿದರು.

"ಕೊಡಿ, ನಾನು ಒತ್ತೀನಿ," ಎಂದು ಚಿತ್ರಕಲೆಯ ಮೇಡಂ ತಮ್ಮ ಸಪೂರ ಬೆರಳು ಚಾಚಿದರು.

"ಛೆ! ನನ್ನ ಅರ್ಜಿಗೆ ನಿಮ್ಮ ಬೆರಳೇ? ಅದು ಸುಳ್ಳು ಸಹಿ ಹಾಕಿದ ಹಾಗಲ್ವೇ ಮೇಡಂ?"

"ತಾಳಿ, ಇನ್ನೊಂದು ಕ್ಯಾರೆಟ್ ಇತ್ತಲ್ಲ..." ಎಂದು ವಿಜ್ಞಾನದ ಮೇಡಂ ಡಬ್ಬಿ ತೆರೆದರು. ಡಬ್ಬಿ ಬರಿದಾಗಿತ್ತು. ವ್ಯಾಯಾಮದ ಮೇಷ್ಟ್ರು ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಬಹಳ ಶ್ರದ್ಧೆಯಿಂದ ಓದತೊಡಗಿದರು.

ಮೇಷ್ಟ್ರು ಉಸಿರು ಬಿಗಿಹಿಡಿದು ಬೆರಳಿಟ್ಟರು. 'ನೀವು ಬೇಡ ಎಂದಿದ್ದೀರಿ. ಧನ್ಯವಾದಗಳು,' ಎಂದಿತು ಪರದೆ.

ಅವರು ಕಚೇರಿಗೆ ಕರೆ ಮಾಡಿ, ತಪ್ಪೊಪ್ಪಿಕೊಳ್ಳುವ ಮೊದಲೇ ಪರಿವೀಕ್ಷಕರ ಗದ್ಗದ ಧ್ವನಿ ಕೇಳಿಸಿತು: "ಎಂಥ ದೊಡ್ಡ ಮನಸ್ಸು ಮೇಷ್ಟ್ರೇ! ಪಕ್ಕದ ಶಾಲೆಯವರ ಅರ್ಜಿ ನಿಮ್ಮ ಹಿಂದೇನೇ ಇತ್ತು. ನಲವತ್ತೂ ಅಲ್ಲಿಗೆ ಹೊರಟವು. ಗಾಡಿ ಗೇಟು ದಾಟಿತು ನೋಡಿ. ಆ ಮಕ್ಕಳಿಗೆ ನಿಮ್ಮ ಹೆಸರು ಹೇಳಿದೀನಿ."

ಮಕ್ಕಳ ಕೈ ಸೇರಲಿರುವುದನ್ನು ಮರಳಿ ಕೇಳುವುದು ಹೇಗೆ? ಮೇಷ್ಟ್ರು ಫೋನಿಟ್ಟರು. ಅಷ್ಟರಲ್ಲಿ ಪರದೆಯ ಮೇಲೆ ಪಕ್ಕದ ಶಾಲೆಯ ಸಂದೇಶ ಬಂತು: 'ಪೂಜ್ಯ ಗುರುಗಳೇ, ನಿಮ್ಮ ಉಪಕಾರ ಎಂದೂ ಮರೆಯೆವು. ಇಂತಿ, ನಲವತ್ತು ಮಕ್ಕಳು.'

ಕೃತಜ್ಞತೆಗೆ ಉತ್ತರ ಕೊಡದಿರುವುದು ಮೇಷ್ಟ್ರ ನಿಘಂಟಿನಲ್ಲಿ ಅಪರಾಧ. ಪರದೆಯನ್ನು ಹತ್ತಿರ ಹಿಡಿದು, 'ಶುಭವಾಗಲಿ' ಎಂದು ಬರೆಯಲು ತೋರುಬೆರಳನ್ನು ಮೆಲ್ಲನೆ, ಅತಿ ಮೆಲ್ಲನೆ ಊರಿದರು.

ಟಿಣ್.

ನಲವತ್ತು ಮಕ್ಕಳಿಗೆ ಅವರ ಮೂಗಿನ ಹೊಳ್ಳೆಯ ಚಿತ್ರ ತಲುಪಿತು.