ಲವ-ಕುಶ ಸರ್ವರುಗಳಿಗೆ, ಒಂದು ನಿಂಬೆಹಣ್ಣಿನ ವಿಷಯವಾಗಿ

ಮಾನ್ಯರೇ,

ರಾಯಪುರಂನ ನಮ್ಮ ಸರಕು ಸಾಗಣೆ ಕಚೇರಿಯಲ್ಲಿ, ನಾವೆಲ್ಲ ಬೆವರು ಒರೆಸಿಕೊಳ್ಳುತ್ತಿರುವಾಗ ಎ.ಸಿ. ಕೋಣೆಯಲ್ಲಿ ವಿರಾಜಮಾನರಾಗಿರುವ ಲವ ಮತ್ತು ಕುಶ ಎಂಬ ಸರ್ವರ್ ಕಂಪ್ಯೂಟರ್ ಸೋದರರಿಗೆ, ತಮ್ಮ ಪರಿಚಾರಕ ಸುಶಮೀಂದ್ರನ ಅನೇಕ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ಹಸಿರು ದೀಪಗಳಿಂದ ತಿಳಿಯಿತು. ನಾನು ಕ್ಷೇಮವಾಗಿಲ್ಲ.

ಬಂದರಿನಲ್ಲಿರುವ ನಮ್ಮ ಪ್ರತಿಯೊಂದು ಕಂಟೇನರಿನ ಪಟ್ಟಿಯೂ ತಮ್ಮಿಬ್ಬರಿಗೆ ಸೇರಿದ ಒಂದೇ ಡಿಸ್ಕ್ ಪೆಟ್ಟಿಗೆಯಲ್ಲಿದೆ. ಒಬ್ಬರು ದುಡಿಯುವಾಗ ಇನ್ನೊಬ್ಬರು ನಡುವಿನ ನೀಲಿ ತಂತಿಯಲ್ಲಿ ಕ್ಷಣಕ್ಕೊಮ್ಮೆ 'ಇದ್ದೀಯಾ?' ಎಂದು ವಿಚಾರಿಸುವುದು, ಹತ್ತು ಸೆಕೆಂಡು ಉತ್ತರ ಬಾರದಿದ್ದರೆ ಸೋದರ ಸತ್ತನೆಂದು ಬಗೆದು ಪೆಟ್ಟಿಗೆಯನ್ನು ವಹಿಸಿಕೊಳ್ಳುವುದು, ಇದು ತಮ್ಮ ಏರ್ಪಾಡು. ಇನ್ನು ಕೆಲಸ ನಿಲ್ಲುವ ಮಾತೇ ಇಲ್ಲ, ನೀನು ನಿಶ್ಚಿಂತೆಯಾಗಿ ಮದುವೆಯಾಗು ಎಂದು ಮ್ಯಾನೇಜರ್ ಮಹಾಲಿಂಗಪ್ಪನವರು ಹೇಳಿದಾಗ, ಮೂವತ್ತನಾಲ್ಕು ತುಂಬಿದ್ದ ನಾನು ನಂಬಿಬಿಟ್ಟೆ.

ಹಾಗೆ ನಂಬಿಯೇ ವಿಜಯದಶಮಿಯಂದು ಅಡ್ಯಾರಿನಲ್ಲಿ ರಂಜನಿಯವರನ್ನು ನೋಡಲು ಹೋದೆ. ಅವರು ನನಗೆ ತುಂಬಾ ಹಿಡಿಸಿದರು, ಅದನ್ನು ಮುಚ್ಚಿಡುವುದೇನು? ಕೇಸರಿಬಾತಿನ ಎರಡನೇ ಚಮಚ ಬಾಯಿಗಿಡುವಷ್ಟರಲ್ಲಿ ಕಚೇರಿಯಿಂದ ಫೋನು ಬಂತು. ಚಮಚ ಅಲ್ಲೇ ಬಿಟ್ಟು ಆಟೋ ಹತ್ತಿದವನು ಒಂಬತ್ತು ದಿನ ತಮ್ಮ ಸೇವೆಯಿಂದ ತಲೆಯೆತ್ತಲಿಲ್ಲ.

ಆಹಾ, ತಮ್ಮ ಕಾರ್ಯದಕ್ಷತೆಯನ್ನು ಏನೆಂದು ಹೊಗಳಲಿ! ಕುಶ ಸತ್ತನೆಂದು ಲವ, ಲವ ಸತ್ತನೆಂದು ಕುಶ, ಇಬ್ಬರೂ ಗುಂಡುಕಲ್ಲಿನಂತಿದ್ದುಕೊಂಡೇ ತೀರ್ಮಾನಿಸಿ, ಏಕಕಾಲಕ್ಕೆ ಪೆಟ್ಟಿಗೆಗೆ ಕೈಹಾಕಿ, ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆದಿರಿ. ತಿರುವೊಟ್ಟಿಯೂರಿನ ಕಾರ್ಖಾನೆಗೆ ಹೋಗಬೇಕಿದ್ದ ಯಂತ್ರಗಳು ಈರುಳ್ಳಿಯೆಂದು ದಾಖಲಾದವು. ನಾನು ತಮ್ಮೊಳಗಿನ ಕಾರ್ಡು ಬದಲಿಸಿದೆ, ಡಿಸ್ಕ್ ಅಳಿಸಿ ಹಳೆಯ ಪಟ್ಟಿ ತುಂಬಿದೆ, ಆಫ್ ಮಾಡಿ ಆನ್ ಮಾಡಿ ಎಂಬ ತಜ್ಞೋಪದೇಶವನ್ನು ಹದಿನಾಲ್ಕು ಬಾರಿ ಕೇಳಿದೆ. ಒಂಬತ್ತನೆಯ ದಿನ, ಬಿದ್ದ ಪೆನ್ನು ಎತ್ತಿಕೊಳ್ಳಲು ಬಗ್ಗಿದಾಗ ಕಂಡದ್ದು ನಿಂಬೆಹಣ್ಣು. ಇಷ್ಟು ಚೆಂದದ ಯಂತ್ರಗಳಿಗೆ ದೃಷ್ಟಿ ತಾಗೀತೆಂದು ಟೈಪಿಸ್ಟ್ ವಿಮಲಾ ಆಯುಧಪೂಜೆಯ ದಿನ ನಿಂಬೆ-ಮೆಣಸಿನಕಾಯಿಯ ಸರವನ್ನು, ಕಟ್ಟಲು ಬೇರೆ ಜಾಗ ಕಾಣದೆ, ಆ ನೀಲಿ ತಂತಿಗೇ ಕಟ್ಟಿದ್ದರು. ಹಣ್ಣಿನ ಭಾರಕ್ಕೆ ತಂತಿ ಸಡಿಲವಾಗಿ, ಒಬ್ಬರ 'ಇದ್ದೀಯಾ?' ಇನ್ನೊಬ್ಬರಿಗೆ ಮುಟ್ಟುತ್ತಿರಲಿಲ್ಲ.

ಆದ್ದರಿಂದ ಎರಡು ವಿನಂತಿಗಳು. ಸೋದರನ ಆಸ್ತಿ ವಹಿಸಿಕೊಳ್ಳುವ ಮೊದಲು ಹತ್ತು ಸೆಕೆಂಡಿನ ಬದಲು ಹತ್ತು ದಿನದ ಸೂತಕವನ್ನಾದರೂ ಆಚರಿಸಬೇಕು. ಮತ್ತು ನನಗೂ ಒಬ್ಬ ಕುಶನನ್ನು ದಯಪಾಲಿಸಬೇಕು. ನಾನು ಎದ್ದು ಓಡಿದಾಗ ಅವನು ಕೇಸರಿಬಾತು ಮುಗಿಸಲಿ, ಹುಡುಗಿಯನ್ನು ಮಾತ್ರ ವಹಿಸಿಕೊಳ್ಳದಿರಲಿ.

ಇನ್ನೂ ತಮ್ಮ ಪಕ್ಕದಲ್ಲೇ ಕೂತಿರುವ,
ತಮ್ಮ ವಿಶ್ವಾಸಿ,
ಸುಶಮೀಂದ್ರ

ತಾ.ಕ.: ಆ ತಂತಿಯ ಕ್ಲಿಪ್ಪು ಜೂನ್‌ನಲ್ಲೇ ಮುರಿದಿತ್ತು, ನಾಳೆ ಬದಲಿಸೋಣವೆಂದು ಬಿಟ್ಟವನು ನಾನೇ. ಇದು ಮಹಾಲಿಂಗಪ್ಪನವರ ಕಿವಿಗೆ ಬೀಳದಿರಲಿ. ಇನ್ನು, ಒಂಬತ್ತು ದಿನ ನನ್ನ ಸದ್ದಿಲ್ಲದ್ದರಿಂದ ರಂಜನಿಯವರ ತಂದೆ ಬೇರೆ ಜಾತಕ ತರಿಸಿದ್ದರಂತೆ. ಹತ್ತನೆಯ ದಿನ ಬೀದಿ ಮೂಲೆಯ ಕಾಯಿನ್ ಫೋನಿನಿಂದ ರಂಜನಿಯವರೇ ಕರೆ ಮಾಡಿದರು: "ನೀವು ಇದೀರಾ, ಇಲ್ವಾ? ಅಪ್ಪ ಇಲ್ಲ ಅಂತಾರೆ. ನಾನು ಒಂದ್ಸಲ ಕೇಳ್ಬಿಟ್ಟು ಹೇಳ್ತೀನಿ ಅಂದೆ." ಇದ್ದೀನಿ ಅಂದೆ. ಮದುವೆ ಗೊತ್ತಾಗಿದೆ, ಮುಹೂರ್ತದ ದಿನ ನನ್ನ ಫೋನು ಆಫ್ ಆಗಿರುತ್ತದೆ. ನಾನು ಸತ್ತೆನೆಂದು ತಾವು ಧಾರಾಳವಾಗಿ ತಿಳಿದುಕೊಳ್ಳಬಹುದು.