ಷಡ್ಡಕನ ಸ್ಟೇರಿಂಗು

ಲೈಸೆನ್ಸ್ ಕೈಗೆ ಬಂದ್ರ ಡ್ರೈವರ್ ಆದಂಗಲ್ಲ, ಅದು ಬರೇ ಬೈಸ್ಕೊಳ್ಳಾಕ ಸರ್ಕಾರ ಕೊಟ್ಟ ಪರವಾನಗಿ ಅಂತ ನಮ್ಮ ಗಾಡಿಯ ಹಿರೇ ಡ್ರೈವರ್ ಉಸ್ತಾದ್ ಹೇಳತಿದ್ದ. ಖರೇ ಐತಿ. ಲಾರಿ ಲೈನಿನಾಗ ಹೊಸಬರಿಗೆ ದಿನಕ್ಕೊಂದು ಫಜೀತಿ ಆಗೂದ, ಅದಕ್ಕೇನು ಬೇಜಾರಿಲ್ಲ. ಆದ್ರ ನನಗಾದ ಫಜೀತಿ ಎಲ್ಲಾ ಸಂಜಿ ಆಗೂದರೊಳಗ ನನ್ನ ಷಡ್ಡಕನ ಕಿವಿಗೆ ಬೀಳಬೇಕಿತ್ತೇನ್ರಿ?

ಷಡ್ಡಕ ಅಂದ್ರ ನನ್ನ ಹೆಂಡತಿಯ ತಂಗಿಯ ಗಂಡ. ಇಬ್ಬರೂ ಯಾದಗಿರಿ ಕಡೆಯವರು. ಹೈದರಾಬಾದಿಗೆ ಗೌಂಡಿ ಕೈಕೆಳಗ ದುಡಿಯಾಕ ಬಂದ್ವಿ, ಇಟ್ಟಂಗಿ ಹೊತ್ತು ಹೊತ್ತು ಸಾಕಾಗಿ ಕೂಡೇ ಲಾರಿ ಕಲಿತ್ವಿ, ಒಂದ ದಿನ ಹೆವಿ ಲೈಸೆನ್ಸ್ ತಗೊಂಡ್ವಿ. ಆಟೋನಗರದಾಗ ಒಬ್ಬ ಸೇಠನ ಟ್ರಾನ್ಸ್‌ಪೋರ್ಟಿಗೆ ಸೇರಿದ್ದೂ ಒಂದ ದಿನ. ಅಲ್ಲಿಗೆ 'ಒಂದ' ಅನ್ನೂದು ಮುಗೀತು. ಇಟ್ಟಂಗಿ ಲಾರಿಯ ಡ್ರೈವರ್ ಊರಿಗೆ ಹೋದಂವ ತಿರುಗಿ ಬರಲಿಲ್ಲ, ಬಾಗಿಲ ಮುಂದ ನಿಂತಿದ್ದ ಷಡ್ಡಕಗ ಸ್ಟೇರಿಂಗ್ ಸಿಕ್ತು. ನಾನು ಆ ಹೊತ್ತಿಗೆ ಚಾ ಕುಡಿಯಾಕ ಹೋಗಿದ್ದೆ. ನನಗ ಸಿಕ್ಕಿದ್ದು ಉಸ್ತಾದನ ಬಾಜೂಕಿನ ಸೀಟು.

"ಕುಂತು ನೋಡಿ ಕಲಿ," ಅಂದ ಸೇಠ. "ದಸರಾಕ್ಕ ಹತ್ತು ಗಾಲಿ ಹೊಸ ಲಾರಿ ಬರ್ತೈತಿ. ನಿಮ್ಮಿಬ್ಬರಾಗ ಯಾರ ಕೈ ಛಲೋ ಕುಂತೈತಿ ನೋಡಿ ಅವಗ ಕೊಡ್ತೀನಿ."

ಅವತ್ತಿನಿಂದ ನನ್ನ ಹೊಟ್ಟ್ಯಾಗ ಬೆಂಕಿ ಬಿತ್ತು. ಆ ಲಾರಿ ನನಗ ಬೇಕಾಗಿತ್ತು. ಅದಕ್ಕಿಂತ ಹೆಚ್ಚಿಗಿ, ಅದು ಅವಗ ಸಿಗಬಾರದಾಗಿತ್ತು.

ಫೋಟೋ

ಲೈಸೆನ್ಸಿನ ಫೋಟೋದಾಗ ಅಂವ ಲಗ್ನದ ಮದುಮಗನಂಗ ಬಿದ್ದಾನ. ನಾನು ಕಣ್ಣು ಮುಚ್ಚೀನಿ. "ಇನ್ನೊಮ್ಮೆ ತಗೀರಿ ಮೇಡಂ" ಅಂದ್ರ ಆರ್‌ಟಿಓ ಆಫೀಸಿನಾಕಿ ನನ್ನ ಹಿಂದ ನಿಂತ ಮಂದಿಯ ಪಾಳಿ ತೋರಿಸಿದ್ಳು.

ನನ್ನ ಹೆಂಡತಿಗೆ ಅಷ್ಟಕ್ಕ ಸುಮ್ಮನಿರಾಕ ಆಗಲಿಲ್ಲ. ಎರಡೂ ಫೋಟೋ ಜೋಡಿ ಮಾಡಿ ಮನಿ ಮಂದಿಯ ವಾಟ್ಸಾಪಿಗೆ ಹಾಕಿಬಿಟ್ಳು. ಅವನ ಫೋಟೋಕ್ಕ "ಹೀರೋ ಹೀರೋ", "ದೃಷ್ಟಿ ತಗೀರಿ" ಅಂತ ಸಾಲುಸಾಲು ಬಂತು. ನಂದಕ್ಕ ನಮ್ಮ ಅತ್ತಿ ಒಬ್ಬಾಕಿನ ವಾಯ್ಸ್ ಮೆಸೇಜ್ ಕಳಿಸಿದ್ಳು: "ಅಳಿಯಂದ್ರಿಗೆ ಆರಾಮಿಲ್ಲೇನವಾ?"

ಮುಂದ ಒಂದಿನ ಮೆಹದಿಪಟ್ಟಣಂ ದಾಟಿದ ಮ್ಯಾಲ ಪೊಲೀಸಪ್ಪ ನಮ್ಮ ಗಾಡಿ ತಡದ, ಬಾಜೂಕ ಕುಂತ ನನ್ನ ಲೈಸೆನ್ಸೂ ಕೇಳಿದ. ಹಿಂದ ಷಡ್ಡಕನ ಇಟ್ಟಂಗಿ ಲಾರಿನೂ ಬಂದು ನಿಂತಿತು. ಪೊಲೀಸಪ್ಪ ಅವನ ಲೈಸೆನ್ಸ್ ನೋಡಿದಂಗ ಮಾಡಿ ಕೊಟ್ಟುಬಿಟ್ಟ. ನಂದು ಹಿಡ್ಕೊಂಡು ಫೋಟೋ ನೋಡಿದ, ನನ್ನ ಮಾರಿ ನೋಡಿದ, ಮತ್ತ ಫೋಟೋ ನೋಡಿದ.

"ಇದು ನೀನ ಏನು?"

"ನಾನ ರೀ ಸರ್."

"ಕಣ್ಣು ಮುಚ್ಚು."

ನಡು ರಸ್ತಾದಾಗ ಕಣ್ಣು ಮುಚ್ಚಿ ನಿಂತೆ. ಹಿಂದಿನ ಲಾರಿಯಾಗ ಷಡ್ಡಕ ಕಿಸಕ್ ಅಂದದ್ದು ಕೇಳಿಸ್ತು.

"ಹಾಂ, ನೀನ," ಅಂದು ಲೈಸೆನ್ಸ್ ವಾಪಸ್ ಕೊಟ್ಟ ಪೊಲೀಸಪ್ಪ. "ಗಾಡಿ ಓಡಿಸುವಾಗ ಮಾತ್ರ ಬ್ಯಾರೆ ಯಾರರೆ ಆಗಿರು."

ಬಾಜೂಕಿನ ಸೀಟು

ಬಾಜೂಕಿನ ಸೀಟಿನವನ ಕೆಲಸ ಏನಂತೀರಿ? ಎಡಗೈ ಕಿಟಕಿ ಹೊರಗ ಚಾಚಿ ಆಟೋದವರಿಗೆ, ಸ್ಕೂಟರ್ ಮಂದಿಗೆ "ಸರೀರಿ, ಸರೀರಿ" ಅಂತ ಬೀಸೂದು. ಉಸ್ತಾದಗ ನೀರಿನ ಬಾಟ್ಲಿ ಮುಚ್ಚಳ ತಗದು ಕೊಡೂದು. ಹೊತ್ತು ಹೋದಂಗ ನನ್ನ ಎಡಗೈಯೊಂದು ಅನುಭವಸ್ಥ ಡ್ರೈವರ್ ಆತು. ಉಳಿದ ಮೈ ಇನ್ನೂ ಕಲಿಯಾಕತ್ತಿತ್ತು.

ದಿನಾ ಮಧ್ಯಾಹ್ನ ಹೆಂಡತಿಯ ಫೋನು. ಮೊದಲು ಷಡ್ಡಕನ ಸುದ್ದಿ. "ತಂಗಿ ಗಂಡ ಇವತ್ತ ಒಬ್ಬರೇ ಶಾದನಗರ ತನಕ ಹೋಗಿ ಬಂದ್ರಂತ." "ಇವತ್ತ ಘಾಟಿನಾಗ ಓಡಿಸಿದ್ರಂತ." ಆಮ್ಯಾಲ ದಿನದ ಪ್ರಶ್ನೆ: "ನಿಮಗ ಇವತ್ತರೆ ಸ್ಟೇರಿಂಗ್ ಕೊಟ್ರಾ?"

ಮನಷ್ಯಾ ಎಷ್ಟಂತ ತಡಕೋಬೇಕ್ರಿ? ಒಂದಿನ ಹೇಳಿಬಿಟ್ಟೆ. "ಹೂಂ, ಈಗ ನಾನ ಓಡಸಾಕತ್ತೀನಿ. ಹೈವೇ ಮ್ಯಾಲ ಅದೀನಿ. ಗಾಡಿ ಪೂರಾ ನನ್ನ ಕೈಯಾಗ ಐತಿ. ಫೋನ್ ಇಡು, ಗೇರ್ ಬದಲಿ ಮಾಡಬೇಕು."

ಉಸ್ತಾದ್ ಬೀದರದಂವ. ಉರ್ದು ಮಾತಾಡಿದ್ರೂ ಕನ್ನಡ ಒಂದಕ್ಷರ ಬಿಡದಂಗ ತಿಳೀತಿತ್ತು. ತಿರುಗಿ ನನ್ನ ಕಡೆ ನೋಡಿ ದೊಡ್ಡ ದನಿಲೇ ಕೇಳಿದ: "ಏ ತಮ್ಮಾ, ಗಾಡಿ ನಿನ್ನ ಕೈಯಾಗ ಇದ್ರ, ನನ್ನ ಕೈಯಾಗ ಇರೂದೇನು, ಜ್ವಾಳದ ರೊಟ್ಟಿಯೇನು?"

ಅತ್ತ ಕಡೆ ಫೋನ್ ಸ್ಪೀಕರ್ ಮ್ಯಾಲ ಇತ್ತು. ನಕ್ಕ ದನಿ ಎರಡು ಕೇಳಿಸ್ತು. ಒಂದು ನನ್ನ ಹೆಂಡತೀದು, ಇನ್ನೊಂದು ಆಕಿ ತಂಗೀದು. ಸಂಜೀಕ ಯಾರ್ಡಿನಾಗ ಷಡ್ಡಕ ಸಿಕ್ಕ. ಭಾಳ ಮರ್ಯಾದಿಲೇ ನಮಸ್ಕಾರ ಮಾಡಿದ.

"ಅಣ್ಣಾರ, ಹೈವೇದಾಗ ರೊಟ್ಟಿ ಎಷ್ಟು ಸ್ಪೀಡ್ ಹೋಗತೈತ್ರಿ?"

ಗೋಡಿ

ನಮ್ಮ ಗಾಡಿಯ ಕ್ಲೀನರ್ ನಲ್ಗೊಂಡ ಕಡೆಯ ಮುದುಕ. ಎಲ್ಲರೂ ತಾತ ಅಂತಿದ್ವಿ. ತೆಲುಗು ಬಿಟ್ರ ಬ್ಯಾರೆ ಮಾತು ಅವಗ ಬರತಿದ್ದಿಲ್ಲ. ನನಗ ತೆಲುಗು ಬರತಿದ್ದಿಲ್ಲ. ಹಂಗಾಗಿ ನಮ್ಮಿಬ್ಬರ ನಡುವ ಒಂದ ದಿನಾನೂ ಜಗಳ ಆಗಿದ್ದಿಲ್ಲ.

ಒಂದಿನ ಯಾರ್ಡಿನಾಗಿನ ಗೋದಾಮಿನ ಮುಂದ ಉಸ್ತಾದ್ ಕೆಳಗ ಇಳಿದು ಬೀಡಿ ಹಚ್ಚಿದ. "ರಿವರ್ಸ್ ನೀನ ಹಾಕು" ಅಂದ. ನನ್ನ ಎದಿ ಉಬ್ಬಿತು. ಷಡ್ಡಕ ಇಟ್ಟಂಗಿ ಹಾಕ್ಕೊಂಡು ದೂರ ಹೋಗಿದ್ದ. ಅಂವ ನೋಡಾಕ ಇಲ್ಲಲ್ಲ ಅಂತ ಕೆಟ್ಟನಿಸ್ತು.

ತಾತ ಹಿಂದ ನಿಂತು ಕೈ ಬೀಸಿ "ರಾನಿ... ರಾನಿ..." ಅಂದ. ರಾಣಿ? ಯಾವಾಕಿ ಬಂದು ನಿಂತಾಳಪಾ ಅಂತ ಕನ್ನಡಿಯಾಗ ಹುಡುಕಿದೆ. ಉಸ್ತಾದ್ ಒದರಿದ: "ಬರಲಿ ಅನ್ನಾಕತ್ತಾನೋ, ನೀ ಬಾ!"

ಬಂದೆ. ಛಲೋ ಬಂದೆ. ಅಷ್ಟರಾಗ ತಾತ "ಚಾಲು! ಚಾಲು!" ಅಂದ. ನಮ್ಮ ಕಡೆ ಚಾಲೂ ಅಂದ್ರ ಗೊತ್ತಲ್ಲ. ಪಂಪ್ ಚಾಲೂ, ಮಿಷಿನ್ ಚಾಲೂ, ಬಾಯಿ ಚಾಲೂ. ನಡೀಲಿ ಅಂತ ಅರ್ಥ. ನಡಿಸಿದೆ. ತಾತ ಕುಣಿದು ಕುಣಿದು "ಚಾಲು! ಚಾಲು! ಚಾಲು!" ಅಂತ ಒದರಾಕತ್ತಿದ. ಹೆತ್ತ ಅಪ್ಪನೂ ನನಗ ಇಷ್ಟು ಹುರುಪು ಕೊಟ್ಟಿದ್ದಿಲ್ಲ. ಖುಷಿಯಾಗಿ ಇನ್ನಷ್ಟು ಒತ್ತಿದೆ. ಗೋದಾಮಿನ ಕಂಪೌಂಡ್ ಗೋಡಿ ಧಡ್ ಅಂತ ಮಲಕ್ಕೊಂತು.

ಸೇಠ ಓಡಿ ಬಂದ. "ಯಾಕ ನಿಲ್ಲಸಲಿಲ್ಲ?"

"ತಾತ ಚಾಲೂ ಅಂದ ರೀ."

ತಾತ ಎದಿ ಬಡಕೊಂಡು ಹೇಳಿದ: "ನೇನು ಚಾಲು ಅನ್ನಾನು ಸಾರೂ!"

"ನೋಡ್ರಿ," ಅಂದೆ, "ಚಾಲೂ ಅಂದೆ ಅಂತ ಅವನ ಒಪ್ಕೊಂಡ!"

ಉಸ್ತಾದ್ ನೆಲಕ್ಕ ಕುಂತು ನಗಾಕತ್ತಿದ. ತೆಲುಗಿನಾಗ ಚಾಲು ಅಂದ್ರ 'ಸಾಕು' ಅಂತ ಅವನ ಬಿಡಿಸಿ ಹೇಳಿದ. ಸೇಠ ನನ್ನ ನೋಡಿದ, ತಾತನ್ನ ನೋಡಿದ, ಬಿದ್ದ ಗೋಡಿ ನೋಡಿದ.

"ನೀವಿಬ್ಬರೂ ಖರೇನ ಹೇಳಾಕತ್ತೀರಿ," ಅಂದ. "ಸುಳ್ಳು ಹೇಳಿದ್ದು ಗೋಡಿ."

ತುಪ್ಪ

ದಸರಾಕ್ಕ ನಮ್ಮ ಅತ್ತಿ ಊರಿಂದ ಬಂದ್ಳು. ಎಲ್ಲಿ ಇಳಿದ್ಳು ಕೇಳ್ರಿ. ನಾನು ಹಿರೇ ಅಳಿಯ, ನನ್ನ ಮನಿ ಬಸ್ಸಿಗೆ ಹತ್ರ. ಆದ್ರೂ ಇಳಿದದ್ದು ಷಡ್ಡಕನ ಮನ್ಯಾಗ. ಅಲ್ಲೇ ನಮ್ಮನ್ನ ಊಟಕ್ಕ ಕರೆದ್ಳು.

ಹೋಳಿಗಿ ಮಾಡಿದ್ಳು. ಷಡ್ಡಕನ ಎಲಿ ಮ್ಯಾಲ ತುಪ್ಪದ ಧಾರಿ ಕಡೀಲೇ ಇಲ್ಲ. ನನ್ನ ಎಲಿಗೆ ಚಮಚ ಬಂತು, ವಾಸನಿ ತೋರಿಸಿ ಹೋತು.

"ಅತ್ತಿ, ನನಗ?"

"ಅವರು ದಿನಾ ಸ್ಟೇರಿಂಗ್ ತಿರುವಿ ತೋಳು ನೋಯಿಸ್ಕೋತಾರಪಾ," ಅಂದ್ಳು ಅತ್ತಿ. "ನಿಮಗೇನು, ಕುಂತು ಹೋಗಿ ಕುಂತು ಬರ್ತೀರಿ."

ನನ್ನ ಹೆಂಡತಿ ತಲಿ ಕೆಳಗ ಹಾಕಿದ್ಳು. ಆಕಿ ತಂಗಿ ಒಳಗ ಹೋಗಿ ನಕ್ಕಳು. ಅವತ್ತ ನಿರ್ಧಾರ ಮಾಡಿದೆ, ಹೊಸ ಲಾರಿ ನನಗ ಬಂದ್ರ ಆ ತುಪ್ಪದ ಗಿಂಡಿನ ನನ್ನ ಎಲಿ ಮ್ಯಾಲ ಬೋರಲು ಹಾಕಸ್ಬೇಕು.

ಕೈ ತೊಳೆಯುವಾಗ ಷಡ್ಡಕ ಮೆಲ್ಲಕ ಬಂದ. "ಅಣ್ಣಾರ, ದಸರಾ ದಿವಸ ಸೇಠ ಹೊಸ ಲಾರಿ ಪೂಜಾದ ಜಾಗಾಕ್ಕ ರಿವರ್ಸ್ ಹಾಕಸ್ತಾನಂತ. ಯಾರು ಬರೋಬ್ಬರಿ ನಿಲ್ಲಸ್ತಾರ ಅವರಿಗೆ ಗಾಡಿ. ಹಿಂದ ನಿಂತು ಹೇಳಾಂವ ನಿಮ್ಮ ತಾತ ಅಂತ. ನನ್ನ ಕ್ಲೀನರ್ ಬಿಹಾರದಂವ, ನನಗ ತೆಲುಗು ಸುಡುಗಾಡು ತಿಳಿಯೂದಿಲ್ಲ. ಒಂದೆರಡು ಮಾತು ಹೇಳಿಕೊಡ್ರಿ."

"ರಾನಿ ಅಂದ್ರ ಬರಲಿ," ಅಂದೆ.

"ಮತ್ತ ನಿಲ್ಲು ಅನ್ನಾಕ?"

ಗೋಡಿ ಬಿದ್ದ ಸುದ್ದಿ ಅವಗ ಮುಟ್ಟಿತ್ತು, ಯಾವ ಮಾತಿಗೆ ಬಿತ್ತು ಅನ್ನೂದು ಮುಟ್ಟಿದ್ದಿಲ್ಲ. ಬಾಯಿ ತನಕ ಬಂದ ಮಾತು ಮುಕ್ಕಳಿಸೂ ನೀರಿನ ಜೋಡಿ ನುಂಗಿದೆ. "ಅದು ಹೊತ್ತು ಬಂದಾಗ ತಾನ ತಿಳೀತೈತಿ ತಮ್ಮಾ," ಅಂದೆ. ಅಂವ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ತುಪ್ಪ ಇಲ್ಲದ ಹೋಳಿಗಿನೂ ಅವತ್ತ ಭಾರಿ ರುಚಿ ಹತ್ತಿತು.

ದಸರಾ

ಹೊಸ ಲಾರಿಗೆ ಚೆಂಡುಹೂವಿನ ಮಾಲಿ, ಬಾಳಿಕಂಬ, ಗಾಲಿ ಕೆಳಗ ಲಿಂಬಿಹಣ್ಣು. ಬಾಜೂಕ ಬ್ಯಾಂಡಿನವರು ಕಿವಿ ಹರಿಯುವಂಗ ಬಾರಸಾಕತ್ತಿದ್ರು. ಸೇಠ ಸುಣ್ಣದಲೇ ಗೆರಿ ಎಳಸಿದ್ದ, ಹಿಂದಿನ ಗಾಲಿ ಅಲ್ಲೇ ನಿಲ್ಲಬೇಕು. ಅದರಾಚೆ ಹೊಸದಾಗಿ ಕಟ್ಟಿದ ಗೋಡಿ. ನಮ್ಮಿಬ್ಬರ ಹೆಂಡರು, ಅತ್ತಿ ಸಾಲಾಗಿ ಖುರ್ಚಿ ಹಾಕ್ಕೊಂಡು ಕುಂತಿದ್ರು. ಅತ್ತಿ ತೊಡಿ ಮ್ಯಾಲ ಹೋಳಿಗಿ ಡಬ್ಬಿ, ತುಪ್ಪದ ಗಿಂಡಿ.

ಮೊದಲು ಷಡ್ಡಕ ಹತ್ತಿದ. ತಾತ "ರಾನಿ, ರಾನಿ" ಅಂದ, ಅಂವ ಲಿಂಬಿಹಣ್ಣು ಚಿಟಕ್ ಅನಿಸಿ ಬಂದ. ಗೆರಿ ಹತ್ರ ಬಂದ ಕೂಡಲೇ ತಾತ "ಚಾಲು!" ಅಂದ. ನಾನು ಕಣ್ಣು ಮುಚ್ಚಿ, ಲೈಸೆನ್ಸಿನ ಫೋಟೋದಾಗಿನಂಗ ನಿಂತು, ಧಡ್ ಅನ್ನೂದಕ್ಕ ಕಾದೆ. ಸಪ್ಪಳ ಇಲ್ಲ. ಕಣ್ಣು ಬಿಟ್ಟೆ. ಗಾಲಿ ಗೆರಿ ಮ್ಯಾಲ, ಕೂದಲಿನಷ್ಟೂ ಆಚೀಚೆ ಇಲ್ಲ. ಮಂದಿ ಚಪ್ಪಾಳಿ ಹೊಡಿಯಾಕತ್ತಿದ್ರು.

ಇಳಿದು ಬಂದವನ್ನ ಬಾಜೂಕ ಎಳಕೊಂಡು ಕೇಳಿದೆ. "ಹೆಂಗ ನಿಲ್ಲಿಸಿದ್ಯೋ? ಚಾಲು ಅಂದ್ನಲ್ಲ!"

"ಅದಕ್ಕ ರೀ ಅಣ್ಣಾರ," ಅಂದ ಷಡ್ಡಕ ಬೆವರು ಒರಸ್ಕೋತ. "ಹೊಸ ಇಂಜಿನ್ನು, ಅದರಾಗ ಬ್ಯಾಂಡಿನ ಗದ್ದಲ, ಸಪ್ಪಳನ ಕೇಳಸವಲ್ದು. ತಾತ ಚಾಲೂ ಅಂದ. ಗಾಡಿ ಬಂದ್ ಬಿದ್ದೈತಿ, ಚಾಲೂ ಮಾಡು ಅನ್ನಾಕತ್ತಾನ ಅಂತ ತಿಳಿದು ಬ್ರೇಕ್ ಹಿಡಿದು ಕೀಲಿ ತಿರುವಿದೆ. ನಡದಿದ್ದ ಇಂಜಿನ್ನ ಬಂದ್ ಆಗಿಬಿಡ್ತು!"

ಇಂಥಾ ನಸೀಬು ಶತ್ರುವಿಗೂ ಇರಬಾರದು, ಷಡ್ಡಕಗಂತೂ ಇರಲೇಬಾರದು.

ಇರಲಿ, ಇನ್ನ ನನ್ನ ಪಾಳಿ ಐತಲ್ಲ. ಅಂವ ತಿಳೀದ ಮಾಡಿದ್ದನ್ನ ನಾನು ತಿಳಿದು ಮಾಡಾಂವ. ಉಸ್ತಾದ್ ಗಾಡಿ ಮುಂದ ತಂದು ನಿಲ್ಲಿಸಿದ, ಗಾಲಿ ಕೆಳಗ ಹೊಸ ಲಿಂಬಿಹಣ್ಣು ಇಟ್ರು. ಹತ್ತಿ ಕುಂತೆ. ರಿವರ್ಸ್ ಗೇರ್ ಹಾಕಿದೆ. ಚಾಲು ಅಂದ ಕೂಡಲೇ ನಿಲ್ಲಬೇಕು, ಅಷ್ಟ. ಕನ್ನಡಿಯಾಗ ತಾತ ನನ್ನ ನೋಡಿ ಪ್ರೀತಿಲೇ ನಕ್ಕ. ಕೈ ಎತ್ತಿದ.

"ಚಾಲು!"

ಬ್ರೇಕ್ ಒತ್ತಿದೆ. ಗಾಡಿ ಇನ್ನೂ ಹೊಂಟಿದ್ದೇ ಇಲ್ಲ.

"ಚಾಲು! ಚಾಲು!"

ಏನರೆ ಅಡ್ಡ ಬಂದಿರಬೇಕು ಅಂತ ಇನ್ನೂ ಗಟ್ಟಿ ಒತ್ತಿದೆ. ತಾತ ಕುಣಿಯಾಕತ್ತಿದ. "ಚಾಲು! ಚಾಲು! ಚಾಲು!" ನಾನು ಹ್ಯಾಂಡ್‌ಬ್ರೇಕೂ ಎಳೆದೆ. ಬ್ಯಾಂಡಿನವರು ಬಾರಸೂದು ನಿಲ್ಲಿಸಿ ನನ್ನ ನೋಡಾಕತ್ತಿದ್ರು. ತಾತನ ದನಿ ಹರಿದು ಹೋತು. ಕಡೀಕ ಲಾರಿ ನಿಂತಲ್ಲೇ ನಿಂತಿತ್ತು, ಲಿಂಬಿಹಣ್ಣು ಇದ್ದಂಗ ಇತ್ತು.

ಆಮ್ಯಾಲ ತಿಳೀತು. ಗೋಡಿ ಬಿದ್ದಾಗಿಂದ ತಾತ ಪಾಪ ಭಾಳ ನೊಂದಿದ್ದನಂತ. ನನ್ನ ಸಲುವಾಗಿ ಉಸ್ತಾದನ ಹತ್ರ ಕನ್ನಡ ಕಲ್ತಿದ್ದ. ನಡಿ ಅನ್ನಾಕ 'ಚಾಲೂ', ನಿಲ್ಲು ಅನ್ನಾಕ 'ಸಾಕು'. ವಾರಗಟ್ಟಲೆ ಬಾಯಿಪಾಠ ಮಾಡಿದ್ದ. ನನಗೊಬ್ಬವಗ ಕನ್ನಡದಾಗ ಹೇಳಿದ, ನಾನೊಬ್ಬವನ ಅದನ್ನ ತೆಲುಗಿನಾಗ ಕೇಳಿದೆ.

ಸೇಠ ಹಣಿ ಒತ್ತಿಕೋತ ಬಂದ. "ಮಿಯಾಂ, ಅವತ್ತ ನಿಲ್ಲು ಅಂದ್ರ ಹೋದಿ, ಇವತ್ತ ಹೋಗು ಅಂದ್ರ ನಿಂತಿ. ಹಿಂದಿನವರ ಮಾತು ಕೇಳಬಾರದು ಅಂತ ಏನರೆ ಹರಕಿ ಐತೇನು?" ಅಂದ. ಹೊಸ ಲಾರಿಯ ಕೀಲಿ ಷಡ್ಡಕನ ಕೈಗೆ ಕೊಟ್ಟ. ಅದರ ಬಾಜೂಕಿನ ಸೀಟು ನನಗ ಕೊಟ್ಟ.

ಅಲ್ಲೇ ಯಾರ್ಡಿನಾಗ ಸಾಲಾಗಿ ಊಟಕ್ಕ ಕುಂತ್ವಿ. ಉಸ್ತಾದ್ ಅಷ್ಟೂ ಕಥಿ ನಮ್ಮ ಅತ್ತಿಗೆ ಬಿಡಿಸಿ ಬಿಡಿಸಿ ಹೇಳಿದ, ಆಕಿ ಬಾಯಿ ಮ್ಯಾಲ ಸೆರಗು ಇಟ್ಕೊಂಡು ಕೇಳಿದ್ಳು. ಆಮ್ಯಾಲ ಆಕಿಗೂ ನನ್ನ ಮ್ಯಾಲ ಕರುಣಾ ಬಂದಿರಬೇಕು. ತುಪ್ಪದ ಗಿಂಡಿ ತಗೊಂಡು ಸೀದಾ ನನ್ನ ಎಲಿಗೆ ಬಂದ್ಳು. ಷಡ್ಡಕನ್ನ ಬಿಟ್ಟು ಮೊದಲು ನನಗ! "ಇವತ್ತ ಭಾಳ ದಣಿದೀರಿ ಅಳಿಯಂದ್ರ," ಅಂತ ಗಿಂಡಿ ಬಗ್ಗಿಸಿದ್ಳು. ಧಾರಿ ಸುರು ಆತು. ನನ್ನ ಕಣ್ಣಾಗ ನೀರು ಬಂತು.

"ಚಾಲೂ ಇರಲಿ ಅತ್ತಿ," ಅಂದೆ, "ಚಾಲೂ, ಚಾಲೂ!"

ಅತ್ತಿ ಥಟ್ಟನ ಗಿಂಡಿ ಎತ್ತಿದ್ಳು.

"ತಿಳೀತು ಬಿಡ್ರಿ, ಈಗರೆ ಕಲ್ತೀನಿ," ಅಂದ್ಳು. "ಸಾಕು ಅನ್ನಾಕತ್ತೀರಿ."

ಬಾಜೂಕಿನ ಎಲಿಯಾಗ ಷಡ್ಡಕ ಬಾಯಿ ತುಂಬ ಹೋಳಿಗಿ ಇಟ್ಕೊಂಡು ಕುಂತಿದ್ದ. ಯಾವ ಭಾಷೆಯಾಗೂ ಏನೂ ಅನ್ನಲಿಲ್ಲ. ಗಿಂಡಿ ಪೂರಾ ಅವನ ಎಲಿ ಮ್ಯಾಲ ಬಗ್ಗಿತು.