ದೋಣಿಗೆ ಒಂದು ಸೈಜು ದೊಡ್ಡ ಅಂಗಿ

ಬಟ್ಟೆಯಾಗಲಿ ಚಪ್ಪಲಿಯಾಗಲಿ, ಕೊಳ್ಳುವಾಗ ಒಂದು ಸೈಜು ದೊಡ್ಡದನ್ನೇ ಕೊಳ್ಳಬೇಕೆಂಬುದು ನನ್ನ ಜೀವನದ ಸಿದ್ಧಾಂತ. ಇದನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ. ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಚಡ್ಡಿಯಿಂದ ಕಲಿತೆ. ‘ಬೆಳೆಯೋ ಹುಡುಗ, ಸ್ವಲ್ಪ ದೊಡ್ಡದೇ ಇರ್ಲಿ’ ಎಂದು ಅಪ್ಪ ಹೊಲಿಸಿದ ಆ ಚಡ್ಡಿಯನ್ನು ಮೊದಲ ವರ್ಷ ಕೈಯಲ್ಲಿ ಹಿಡಿದುಕೊಂಡು, ಮರುವರ್ಷ ಉಡಿದಾರಕ್ಕೆ ಸಿಕ್ಕಿಸಿಕೊಂಡು ಓಡಾಡಿದೆ. ಅದು ಸರಿಯಾಗಿ ಕೂರುವ ಹೊತ್ತಿಗೆ ಹಿಂಭಾಗ ಸವೆದುಹೋಗಿತ್ತು, ಅದು ಬೇರೆ ಮಾತು. ಮದುವೆಯ ಸೂಟನ್ನೂ ಇದೇ ಸಿದ್ಧಾಂತದ ಮೇಲೆ ಹೊಲಿಸಿದ್ದೆ. ಫೋಟೋದಲ್ಲಿ ಯಾರದೋ ಸೂಟಿನೊಳಗೆ ಬಚ್ಚಿಟ್ಟುಕೊಂಡವನ ಹಾಗೆ ಕಾಣುತ್ತೇನೆ, ನಿಜ. ಆದರೆ ಈಗ ಹಾಕಿಕೊಂಡರೆ ಹೇಳಿ ಮಾಡಿಸಿದ ಹಾಗಿದೆ. ಮತ್ತೊಂದು ಮದುವೆಗೆ ಮಾತ್ರ ಮನೆಯಲ್ಲಿ ಒಪ್ಪುವುದಿಲ್ಲ.

ಇಂಥ ಸಿದ್ಧಾಂತಕ್ಕೆ ಪೆಟ್ಟು ಬಿದ್ದದ್ದು ಒಂದು ದೋಣಿಯಿಂದ. ನಮ್ಮ ಚಾಮರಾಜಪೇಟೆಗೆ ದೋಣಿ ಎಲ್ಲಿಂದ ಬಂತು ಎಂದು ಕೇಳಬೇಡಿ. ಭಾವಮೈದ ಇರುವ ಕಡೆಗೆ ಏನು ಬೇಕಾದರೂ ಬರುತ್ತದೆ. ನನ್ನ ಹೆಂಡತಿ ವಿಮಲಳ ತಮ್ಮ ಮುರಳಿ ಬ್ಯಾಂಕಿನಲ್ಲಿ ಗುಮಾಸ್ತ. ಸ್ಟಾಂಪು ಸಂಗ್ರಹ, ಬೋನ್ಸಾಯ್, ಮೌತ್ ಆರ್ಗನ್ ಎಲ್ಲವನ್ನೂ ಅರ್ಧರ್ಧ ಮುಗಿಸಿ, ತೊಂಬತ್ತರ ದಶಕದ ಒಂದು ಮಳೆಗಾಲದಲ್ಲಿ, ಹಾಯಿ ಕಟ್ಟುವ ಕಯಾಕ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡುಬಿಟ್ಟ. ಕಯಾಕ್ ಎಂದರೆ ಒಬ್ಬನೇ ಕಾಲು ಚಾಚಿ ಕೂತು ಹುಟ್ಟು ಹಾಕುವ ಇಕ್ಕಟ್ಟಿನ ದೋಣಿ. ನೋಡುವುದಕ್ಕೆ ದೈತ್ಯ ಬೆಂಡೆಕಾಯಿ. ಅದರ ನಡುವೆ ಬಟ್ಟೆ ಒಣಗಿಸುವ ಗಳುವಿನಂಥ ಕಂಬ, ಕಂಬಕ್ಕೆ ಬಾಗಿಲ ಪರದೆಯಷ್ಟು ಹಾಯಿ.

ಮುರಳಿ ಇದ್ದದ್ದು ಮಲ್ಲೇಶ್ವರದ ಮಹಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ. ಹೀಗಾಗಿ ದೋಣಿ, ಅದನ್ನು ಹೊರುವ ಟ್ರೇಲರ್ ಸಮೇತ, ಅಕ್ಕನ ಮನೆಗೆ ಬಂತು. ನಮ್ಮ ಮನೆಯ ಪಕ್ಕದಲ್ಲಿ ತಗಡು ಹೊದಿಸಿದ ಸಣ್ಣ ಓಣಿಯೊಂದಿದೆ. ಅದು ನನ್ನ ಸ್ಕೂಟರಿನ ಜಾಗ. ದೋಣಿ ಓಣಿಗೆ, ಸ್ಕೂಟರು ಬೀದಿಗೆ. ಮಳೆಯಲ್ಲಿ ನೆನೆದ ಸ್ಕೂಟರನ್ನು ಬೆಳಿಗ್ಗೆ ಹೊರಡಿಸುವುದೆಂದರೆ ಮುನಿಸಿಕೊಂಡ ಅಳಿಯನನ್ನು ಹಬ್ಬದೂಟಕ್ಕೆ ಎಬ್ಬಿಸಿದ ಹಾಗೆ. ಒದೆಯುವುದೊಂದು ಹೆಚ್ಚು, ಅಷ್ಟೆ.

‘ಎಷ್ಟು ದಿನ ಇರತ್ತಪ್ಪಾ ಇದು?’ ಎಂದೆ.

‘ಕವರ್ ಒಂದು ಆಗ್ಬಿಡ್ಲಿ ಭಾವ. ಮೈಸೂರು ರಸ್ತೆ ಕಡೆ ಒಂದು ಡ್ಯಾಮ್ ಹತ್ರ ದೋಣಿ ಇಡೋ ಶೆಡ್ ಇದೆ. ಕವರ್ ಇಲ್ದಿದ್ರೆ ಒಳಗೆ ಸೇರಿಸ್ಕೊಳ್ಳಲ್ಲ. ನಿಜ ಹೇಳ್ಬೇಕಂದ್ರೆ ಎರಡು ಬೇಕು. ನಿಲ್ಸಿಡೋಕೆ ಗಾಳಿಯಾಡೋ ಥರ ಸಡಿಲವಾಗಿರೋದು, ಗಾಡಿ ಹಿಂದೆ ಎಳ್ಕೊಂಡು ಹೋಗೋಕೆ ಮೈಗೆ ಅಂಟ್ಕೊಂಡಿರೋದು.’

‘ಎರಡ್ಯಾಕೋ? ನಾನೇ ಆಫೀಸಿಗೂ ಮದುವೆಮನೆಗೂ ಒಂದೇ ಪ್ಯಾಂಟಲ್ಲಿ ಹೋಗಿ ಬರ್ತೀನಿ. ಕವರಿನ ವಿಷ್ಯ ನಂಗೆ ಬಿಡು.’

ಒಳಗಿನಿಂದ ವಿಮಲ, ‘ಮುರಳೀ, ಬಿಡ್ಬೇಡ ಕಣೋ’ ಎಂದದ್ದು ಕೇಳಿಸಿತು. ಆದರೆ ನನಗೆ ಓಣಿ ಬೇಕಿತ್ತು. ಕವರಾದರೆ ದೋಣಿ ಹೋಗುತ್ತದೆ, ದೋಣಿ ಹೋದರೆ ಸ್ಕೂಟರು ಬರುತ್ತದೆ. ಇಷ್ಟು ಸರಳವಾದ ಲೆಕ್ಕವನ್ನು ನಾನೇ ಮುಂದೆ ನಿಂತು ಬಿಡಿಸದಿದ್ದರೆ ಹೇಗೆ?

ಬಳೇಪೇಟೆಗೆ ಹೋಗುವವರಿಗೆ ನನ್ನದೊಂದು ಸಲಹೆ. ಬೇಕಾದ ವಸ್ತುವನ್ನು ಮೊದಲು ಕೇಳಬಾರದು. ಬೇಡದ್ದನ್ನು ಕೇಳಿ, ಮುಖ ಹುಳ್ಳಗೆ ಮಾಡಿ, ಮೆಟ್ಟಿಲಿಳಿಯುವಾಗ ‘ಅದೇನ್ರೀ ಅದು?’ ಎಂದು ಬೇಕಾದ್ದರ ಕಡೆ ಉದಾಸೀನವಾಗಿ ಬೆರಳು ತೋರಿಸಬೇಕು. ಲಾರಿಯ ಟಾರ್ಪಾಲು ಹೊಲಿಯುವ ಅಂಗಡಿಯಲ್ಲಿ ನಾನು ಶಾಮಿಯಾನದಿಂದ ಶುರು ಮಾಡಿದೆ. ಅಂಗಡಿಯವನು ‘ಮದ್ವೆ ಯಾವತ್ತು ಸ್ವಾಮಿ?’ ಎಂದ. ಇಲ್ಲದ ಮದುವೆಯನ್ನು ಮುಂದೂಡಿ ಟಾರ್ಪಾಲಿಗೆ ಬರುವಷ್ಟರಲ್ಲಿ ಎರಡು ಲೋಟ ಟೀ ಆಗಿತ್ತು. ಕೊನೆಗೆ ಹೊಲಿಗೆಯೂ ಸೇರಿ ಒಂದು ರೇಟಿಗೆ ಅವನು ತಲೆಯಾಡಿಸಿದ. ಆಮೇಲೆ ನಾನು ಮುರಳಿ ಕೊಟ್ಟಿದ್ದ ಅಳತೆಯ ಚೀಟಿ ತೆಗೆದೆ.

‘ಅಳತೆ ಇದು. ಆದ್ರೆ ಎಲ್ಲಾ ಕಡೆ ಸ್ವಲ್ಪ ಧಾರಾಳವಾಗಿ ಬಿಡಿ. ಹೇಗೂ ರೇಟು ಮಾತಾಡಿದ್ದಾಯ್ತಲ್ಲ.’

‘ಯಾಕೆ ಸ್ವಾಮಿ, ದೋಣಿ ಬೆಳೆಯತ್ತಾ?’

‘ಬೆಳೆಯಲ್ಲ. ಬಟ್ಟೆ ಒಗೆದ್ರೆ ಕುಗ್ಗಲ್ವೇ?’

‘ಟಾರ್ಪಾಲು ಯಾರು ಒಗೀತಾರೆ ಸ್ವಾಮಿ?’

ಉತ್ತರವಿಲ್ಲದ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ. ಇದೂ ಒಂದು ಸಲಹೆಯೇ.

ಕವರು ಬಂತು. ನಾನು ಮೂತಿಯ ಕಡೆಯಿಂದ, ಮುರಳಿ ಬಾಲದ ಕಡೆಯಿಂದ ಹಿಡಿದು ದೋಣಿಗೆ ತೊಡಿಸಿದೆವು. ಎಳೆದಷ್ಟೂ ಬಟ್ಟೆ ಉಳಿಯಿತು. ಟ್ರೇಲರಿನ ಚಕ್ರಗಳೂ ಒಳಗೆ ಸೇರಿ, ಮಿಕ್ಕದ್ದು ನೆಲ ಗುಡಿಸುತ್ತಿತ್ತು. ವಿಮಲ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ‘ಅಯ್ಯೋ, ದೋಣಿಗೆ ನೈಟಿ ಹಾಕಿದೀರಾ?’ ಎಂದಳು. ಮುರಳಿ ನನ್ನ ಮುಖ ನೋಡಿ ನಗು ನುಂಗಿಕೊಂಡ. ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಬಿಚ್ಚಿ ತಂದು, ನಾಲ್ಕು ಕಡೆ ಬಿಗಿದು, ‘ಈಗ ಬಿರುಗಾಳಿಗೂ ಜಪ್ಪಯ್ಯ ಅನ್ನಲ್ಲ’ ಎಂದು ಘೋಷಿಸಿದೆ.

ಭಾನುವಾರ ಮುರಳಿ ಸ್ನೇಹಿತನ ಜೀಪು ತಂದ. ಹಿಂದೆ ದೋಣಿ. ಊರೊಳಗೆ ಇರುವಷ್ಟು ಹೊತ್ತು ಕವರು ಸೊಸೆಯ ಹಾಗೆ ತಗ್ಗಿಬಗ್ಗಿ ನಡೆಯಿತು. ಆಗಿನ್ನೂ ಮೈಸೂರು ರಸ್ತೆಯಲ್ಲಿ ಗಾಳಿ ಬೀಸುವಷ್ಟು ಜಾಗವಿದ್ದ ಕಾಲ. ಜೀಪು ವೇಗ ಹಿಡಿದದ್ದೇ ತಡ, ಮೂತಿಯ ಕಡೆಯಿಂದ ಗಾಳಿ ಒಳಹೊಕ್ಕು, ಹಗ್ಗ ಜಾರಿ, ಕವರು ಉಬ್ಬತೊಡಗಿತು. ಆಟೋದವನೊಬ್ಬ ಪಕ್ಕಕ್ಕೆ ಬಂದು, ‘ಗುರೂ, ನಿಮ್ ಗಾಡಿ ಹಿಂದೆ ಆನೆ ಎದ್ದು ನಿಂತೈತೆ ನೋಡ್ಕೊಳ್ಳಿ!’ ಎಂದು ಕೂಗಿ ಹೋದ. ತಿರುಗಿ ನೋಡಿದರೆ ಆನೆಯೇ. ಅದು ಎಡಕ್ಕೆ ವಾಲಿದರೆ ಟ್ರೇಲರೂ ಎಡಕ್ಕೆ, ಬಲಕ್ಕೆ ವಾಲಿದರೆ ಜೀಪೂ ಬಲಕ್ಕೆ.

‘ಭಾವ, ಇಷ್ಟು ಚೆನ್ನಾಗಿ ನನ್ನ ಹಾಯಿ ಯಾವತ್ತೂ ಗಾಳಿ ಹಿಡಿದಿಲ್ಲ’ ಎಂದ ಮುರಳಿ, ಹಲ್ಲು ಕಚ್ಚಿಕೊಂಡು.

ಕವರಿಲ್ಲದೆ ಎಳೆದರೆ ದಾರಿಯ ಕಲ್ಲಿಗೆ ದೋಣಿಯ ಮೈ ತರಚುತ್ತದೆ ಎಂದು ಬಿಚ್ಚುವುದಕ್ಕೂ ಅವನು ಒಪ್ಪಲಿಲ್ಲ. ಅಲ್ಲಿಂದಲೇ ವಾಪಸು. ಎತ್ತಿನಗಾಡಿಯೊಂದು ನಮ್ಮನ್ನು ಹಿಂದೆ ಹಾಕಿತು. ದೋಣಿ ಓಣಿಗೆ, ಸ್ಕೂಟರು ಮತ್ತೆ ಬೀದಿಗೆ.

‘ಮಿಕ್ಕಿದ್ದನ್ನ ಕತ್ತರ್ಸಿ ಬಿಸಾಕಿ, ಕೆಲಸ ಮುಗಿಯತ್ತೆ’ ಎಂದಳು ವಿಮಲ, ಕತ್ತರಿ ಕೈಗೇ ಕೊಟ್ಟು. ಸರಿಯಾದ ಮಾತೇ. ಆದರೆ ಹೊಸ ಬಟ್ಟೆಗೆ, ಅದೂ ಅಷ್ಟು ಹೊತ್ತು ಹೋರಾಡಿ ಗಿಟ್ಟಿಸಿದ ಬಟ್ಟೆಗೆ, ಕತ್ತರಿ ಹಾಕುವುದೆಂದರೆ ನನ್ನ ಕೈಯೇ ಬರಲಿಲ್ಲ. ‘ಇರ್ಲಿ ಬಿಡೇ, ಮುಂದೆ ಉಪಯೋಗಕ್ಕೆ ಬರತ್ತೆ’ ಎಂದೆ. ಮುರಳಿ ಕೇಳಿಸಿಕೊಂಡ. ಅವನು ನನ್ನ ಮಾತನ್ನು ಗಮನವಿಟ್ಟು ಕೇಳಿದ್ದು ಅದೇ ಮೊದಲು.

ಕೆಲವು ದಿನಗಳಾದ ಮೇಲೆ ಆಫೀಸಿನಿಂದ ಬಂದರೆ ಓಣಿಯ ಬಾಯಿಂದ ದೋಣಿಯ ಮೂತಿ ಹೊರಗೆ ಚಾಚಿತ್ತು. ‘ಭಾವ, ನೀವು ಹೇಳಿದ್ದೇ ಸರಿ’ ಎಂದ ಮುರಳಿ, ಕಣ್ಣರಳಿಸಿ. ‘ಹಳೇದನ್ನ ಕೊಟ್ಟು ಇಬ್ರು ಕೂರೋದನ್ನ ತಂದ್ಬಿಟ್ಟೆ. ಹೇಗೂ ಕವರ್ ಇದ್ಯಲ್ಲ ಅಂತ ಧೈರ್ಯ ಮಾಡ್ದೆ.’

ಕವರು ತೊಡಿಸಿದೆವು. ಒಂದು ಬೆರಳು ತೂರಲು ಜಾಗವಿಲ್ಲ! ಮೈಸೂರು ರಸ್ತೆಯ ಗಾಳಿ ಅದರ ಕೂದಲನ್ನೂ ಕೊಂಕಿಸಲಿಲ್ಲ. ಜೀಪಿನಲ್ಲಿ ಕೂತು ದಾರಿಯುದ್ದಕ್ಕೂ ಸಿದ್ಧಾಂತದ ವಿಜಯವನ್ನು ಮುರಳಿಗೆ ವಿವರಿಸಿದೆ. ಶೆಡ್ಡಿನವನು ಕವರನ್ನು ತಟ್ಟಿ ನೋಡಿ, ‘ಭೇಷ್, ಚೆನ್ನಾಗಿ ಹೊಲ್ಸಿದೀರಾ’ ಎಂದ. ಆಮೇಲೆ ಹಿಂದೆ ಮುಂದೆ ನಡೆದು ನೋಡಿ, ‘ಆದ್ರೆ ಇಷ್ಟುದ್ದದ ದೋಣಿಗೆ ನಮ್ಮಲ್ಲಿ ಜಾಗ ಇಲ್ಲ ಸಾರ್’ ಎಂದ.

‘ದೋಣಿ ಬೆಳೀತಲ್ಲ, ಖುಷಿನಾ?’ ಎಂದು ಬಾಗಿಲಲ್ಲೇ ಸ್ವಾಗತಿಸಿದಳು ವಿಮಲ. ‘ಹೋಗಿ, ಇನ್ನು ನಿಮ್ಮ ಸ್ಕೂಟರಿಗೊಂದು ಕವರ್ ಹೊಲಿಸ್ಕೊಂಡು ಬನ್ನಿ.’

ಹೋದೆ. ಈ ಸಲ ಶಾಮಿಯಾನದ ಮಾತೇ ಎತ್ತಲಿಲ್ಲ. ಸ್ಕೂಟರಿನ ಮೂಗಿನಿಂದ ಸ್ಟೆಪ್ನಿಯವರೆಗೆ ಟೇಪು ಹಿಡಿದು ತಂದ ಅಳತೆ ಕೊಟ್ಟು, ಇದಕ್ಕಿಂತ ಒಂದು ನೂಲೂ ಹೆಚ್ಚಿರಕೂಡದು ಎಂದೆ. ಎಲ್ಲಾದರೂ ಒಂದು ಗೇಣು ಸಡಿಲ ಕಂಡರೆ ಮುರಳಿ ಅದರೊಳಗೆ ಏನು ತಂದು ತುಂಬುತ್ತಾನೋ ಯಾರಿಗೆ ಗೊತ್ತು?

ಅಂಗಡಿಯವನಿಗೆ ನನ್ನ ಗುರುತು ಹತ್ತಿತು. ‘ಯಾಕೆ ಸ್ವಾಮಿ, ಸ್ಕೂಟರ್ ಬೆಳೆಯಲ್ವಾ?’

‘ಬೆಳೆಯೋದು ಬೇಡ ಮಾರಾಯ, ಬೇಗ ಹೊಲಿದು ಕೊಡು’ ಎಂದು, ಅವನು ಹೇಳಿದಷ್ಟನ್ನು ಅಲ್ಲೇ ಎಣಿಸಿಟ್ಟು ಬಂದೆ. ಚೌಕಾಸಿ ಮಾಡಲಿಲ್ಲವಲ್ಲ ಎಂಬುದು ನೆನಪಾದದ್ದು ಮನೆ ಮುಟ್ಟಿ, ಅಭ್ಯಾಸಬಲದಿಂದ ಸ್ಕೂಟರನ್ನು ಓಣಿಯೊಳಗೆ ತಿರುಗಿಸಿ, ದೋಣಿಯ ಮೂತಿಗೆ ಮಂಡಿ ಹೊಡೆಸಿಕೊಂಡ ಮೇಲೆ.